ಒಬ್ಬಳಿಗಾಗಿ ಬಾಟಲಿ ತೆಗೆಯುವುದಿಲ್ಲ

ಮೀನು ಮಾರುವ ಹೆಂಗಸೆಂದರೆ ಗಂಟಲು ದೊಡ್ಡದಿರಬೇಕು ಅಂದುಕೊಂಡವರು ಗಂಗಾಳನ್ನು ನೋಡಿಲ್ಲ. ಸುರಪುರದಲ್ಲಿ ನನ್ನ ಬಳೆ ಅಂಗಡಿಯ ಎದುರಿನ ಬೇವಿನ ನೆರಳಲ್ಲಿ ಅವಳು ಬುಟ್ಟಿ ಇಳಿಸುತ್ತಿದ್ದಳು. ಕೂಗುತ್ತಿರಲಿಲ್ಲ. ಒದ್ದೆ ಗೋಣಿಚೀಲ ಸರಿಸಿ ಕಟ್ಲಾ, ಜಿಲೇಬಿ ಮೀನುಗಳನ್ನು ಕಾಣುವಂತೆ ಜೋಡಿಸಿ, ನೊಣ ಓಡಿಸುತ್ತ ಸುಮ್ಮನೆ ಕೂರುತ್ತಿದ್ದಳು. ಗಿರಾಕಿ ಚೌಕಾಸಿ ಮಾಡಿದರೆ ಒಮ್ಮೆ ತಲೆ ಎತ್ತಿ ನೋಡಿ, ಮತ್ತೆ ನೊಣ ಓಡಿಸುತ್ತಿದ್ದಳು. ಅವಳ ದನಿ ಏರಿದ್ದನ್ನು ನಾನು ಕೇಳಿದ್ದು ಒಂದೇ ದಿನ, ಅದೂ ಮೀನಿನ ಬಜಾರಿನಲ್ಲಲ್ಲ.

ಅವಳ ಊರು ತಿಂಥಣಿಯ ಆಚೆ, ಹೊಳೆದಂಡೆಯ ಮೇಲೆ. ಗಂಡ ಮರಿಲಿಂಗ ಹರಗೋಲಿನಲ್ಲಿ ಹೋಗಿ ಬಲೆ ಬೀಸುತ್ತಿದ್ದ, ಅವಳು ಮಾರುತ್ತಿದ್ದಳು. ಒಬ್ಬಳೇ ಮಗಳು, ಮೌನೇಶ್ವರಿ. ಕೊರೊನಾದ ಎರಡನೇ ಅಲೆಯಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ, ಮರಿಲಿಂಗನಿಗೆ ಜ್ವರ ಬಂತು. ಹೊಳೆಯಲ್ಲಿ ಮುಳುಗಿದರೆ ಎಷ್ಟು ಹೊತ್ತಾದರೂ ಉಸಿರು ಹಿಡಿಯುತ್ತಿದ್ದ ಆಳು ಮನೆಯ ಕಟ್ಟೆ ಏರುವಷ್ಟರಲ್ಲಿ ಏದುಸಿರು ಬಿಡತೊಡಗಿದ. ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ ಅಂದರು. ಇನ್ನೊಂದರಲ್ಲಿ ಹಾಸಿಗೆ ಇದೆ, ಆಕ್ಸಿಜನ್ ಇಲ್ಲ, ಯಾದಗಿರಿಗೆ ಒಯ್ಯಿರಿ ಅಂದರು. ಆಂಬುಲೆನ್ಸಿಗೆ ಫೋನು ಹಚ್ಚಿ ಹಚ್ಚಿ ಸಾಕಾಗಿ, ಅದೇ ಊರಿನ ರಾಜಾಸಾಬ ತನ್ನ ತರಕಾರಿ ಸಾಗಿಸುವ ಟೆಂಪೋದಲ್ಲಿ ಅವನನ್ನು ಮಲಗಿಸಿಕೊಂಡು ಹೊರಟ. ಶಹಾಪುರ ದಾಟಿದ ಸ್ವಲ್ಪ ಹೊತ್ತಿಗೆ ಟೆಂಪೋದ ಹಿಂಭಾಗದಿಂದ ಗಂಗಾ ತಗಡು ಬಡಿದು ಗಾಡಿ ನಿಲ್ಲಿಸಲು ಹೇಳಿದಳು. ಮುಂದೆ ಹೋಗುವ ಅಗತ್ಯ ಇರಲಿಲ್ಲ.

ಶಾಲೆಗಳು ಮುಚ್ಚಿದ್ದವು. ಮೊಬೈಲಿನಲ್ಲಿ ಪಾಠ ಎಂದರು. ಆ ಮನೆಯಲ್ಲಿ ಇದ್ದದ್ದು ಗುಂಡಿ ಒತ್ತುವ ಫೋನು. ಶಾಲೆ ತೆರೆಯುವ ಹೊತ್ತಿಗೆ ಮೌನೇಶ್ವರಿ ಹುಣಸಗಿ ಕಡೆಯ ಕಾಲುವೆ ಹೊಲಗಳಿಗೆ ಕೂಲಿ ಹೋಗುತ್ತಿದ್ದಳು. ಮೊದಲು ಹತ್ತಿ, ಆಮೇಲೆ ಮೆಣಸಿನಕಾಯಿ. ಅವಳ ಓಣಿಯ ಅರ್ಧ ಹುಡುಗಿಯರು ಅಲ್ಲೇ ಇದ್ದರು. ಈ ಸುಗ್ಗಿಯೊಂದು ಮುಗಿಯಲಿ, ಮತ್ತೆ ಕಳಿಸೋಣ ಅಂತ ಗಂಗಾ ಅಂದುಕೊಂಡಿದ್ದಳು. ಯಾಕೆ ಬರುತ್ತಿಲ್ಲ ಎಂದು ಶಾಲೆಯಿಂದ ಒಬ್ಬರೂ ಕೇಳಿಕೊಂಡು ಬರಲಿಲ್ಲ.

ಮುಂದಿನ ವರ್ಷ ಮಾರ್ಚಿನಲ್ಲಿ ಹನ್ನೆರಡು ತುಂಬಿದ ಮಕ್ಕಳಿಗೂ ಲಸಿಕೆ ಎಂದು ಸಾರಿದರು. ಆಟೋದ ಮೈಕು ಓಣಿ ಓಣಿ ತಿರುಗಿತು. ಗಂಗಾ ಆ ಮೈಕಿನ ಹಿಂದೆ ಸ್ವಲ್ಪ ದೂರ ನಡೆದು ಪೂರ್ತಿ ಕೇಳಿಸಿಕೊಂಡಳಂತೆ. ಮರುದಿನ ಬುಟ್ಟಿ ಹೊರಲಿಲ್ಲ. ಮಗಳ ತಲೆಗೆ ಎಣ್ಣೆ ಹಚ್ಚಿ, ಹೆಣೆದು, ಹಬ್ಬದ ಲಂಗ ಉಡಿಸಿ ಶಾಲೆಗೆ ಕರೆದುಕೊಂಡು ಹೋದಳು. ವರಾಂಡದಲ್ಲಿ ಸಮವಸ್ತ್ರದ ಮಕ್ಕಳು ಸಾಲಾಗಿ ನಿಂತಿದ್ದರು. ಮುಖ್ಯೋಪಾಧ್ಯಾಯ ಕಾಂತೇಶ ಮೆಟ್ಟಿಲ ಮೇಲೇ ತಡೆದರು.

“ಎಲ್ಲಿ ಬಂದೀರಿ?”

“ಸೂಜಿ ಹಾಕಸಾಕ್ರಿ. ನನ್ ಮಗಳಿಗೆ.”

“ಇಕಿ ಶಾಲಿ ಬಿಟ್ಟು ಭಾಳ ದಿನ ಆತು. ಇದು ಶಾಲಿ ಮಕ್ಕಳಿಗೆ. ದವಾಖಾನಿಗೆ ಕರ್ಕೊಂಡು ಹೋಗ್ರಿ.”

ಮೌನೇಶ್ವರಿಯ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ ಹುಡುಗಿಯರು ಸಾಲಿನಿಂದ ಇಣುಕಿ ನೋಡುತ್ತಿದ್ದರು. ಅವಳು ಲಂಗದ ಅಂಚು ಹಿಡಿದುಕೊಂಡು ಅವ್ವನ ಹಿಂದೆ ಸರಿದಳು. ಗಂಗಾ ಮಗಳನ್ನು ಕರೆದುಕೊಂಡು ಬಿಸಿಲಲ್ಲಿ ಆರೋಗ್ಯ ಕೇಂದ್ರಕ್ಕೆ ನಡೆದಳು. ಆ ಕೇಂದ್ರ ಇರುವುದು ನನ್ನ ತವರೂರಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯೊಬ್ಬರ ಮೇಲೆ ಮಾತ್ರ ಬೆರಳು ತೋರಿಸಿದಂತಾಗುತ್ತದೆ.

ಕೇಂದ್ರದ ನರ್ಸ್ ಮುಬೀನಾ ವಿಷಯ ತಿಳಿಸಿ ಹೇಳಿದಳು. ಒಂದು ಬಾಟಲಿಯಲ್ಲಿ ಇಪ್ಪತ್ತು ಮಕ್ಕಳಿಗಾಗುವ ಔಷಧ ಇರುತ್ತದೆ. ಒಮ್ಮೆ ತೆರೆದರೆ ಕೆಲವೇ ತಾಸುಗಳಲ್ಲಿ ಮುಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. ಚೆಲ್ಲಿದ್ದಕ್ಕೆ ಮೇಲಿನವರಿಗೆ ಉತ್ತರ ಕೊಡಬೇಕು.

“ಒಬ್ಬಾಕಿ ಸಲುವಾಗಿ ಬಾಟಲಿ ತೆಗ್ಯಾಕ ಬರಂಗಿಲ್ಲಮ್ಮ. ಮಕ್ಕಳು ಕೂಡಿದಾಗ ಬರ್ರಿ.”

“ಯಾವಾಗ ಕೂಡ್ತಾರ?”

“ಶಾಲ್ಯಾಗ ಎಲ್ಲಾರ್ದೂ ಆಗ್ಯದ. ಹೊರಗಿನ ಮಕ್ಕಳು ಯಾವಾಗ ಬರ್ತಾರ, ನನಗೂ ಗೊತ್ತಿಲ್ಲ.”

ಎಂಟು ದಿನ ಬಿಟ್ಟು ಮತ್ತೆ ಹೋದಳು. ಅದೇ ಉತ್ತರ. ಈ ಸಲ ಒಳಗಿದ್ದ ಡಾಕ್ಟರು, ನಮ್ಮಲ್ಲಿ ಹನ್ನೆರಡರ ಮೇಲಿನ ಮಕ್ಕಳದು ನೂರಕ್ಕೆ ನೂರು ಆಗಿದೆ, ಇವರು ಎಲ್ಲಿಂದ ಬರುತ್ತಾರೆ ಎಂದು ಮುಬೀನಾಳನ್ನು ಕೇಳಿದರಂತೆ. ಗಂಗಾಳನ್ನಲ್ಲ, ಮುಬೀನಾಳನ್ನು. ಎದುರಿಗೇ ನಿಂತ ಹುಡುಗಿ ಅವರ ಲೆಕ್ಕದಲ್ಲಿ ಹುಟ್ಟಿಯೇ ಇರಲಿಲ್ಲ.

ಆ ಮಾತು ಗಂಗಾಳಿಗೆ ನಾಟಿತು. ನನ್ನ ಅಂಗಡಿಗೆ ನೀರು ಕುಡಿಯಲು ಬಂದಾಗ ಕೇಳಿದಳು: “ಅಕ್ಕಾರ, ನೂರಕ್ಕ ನೂರು ಅಂದ್ರ ಯಾರೂ ಉಳದಿಲ್ಲ ಅಂತಲ್ಲ? ಹಂಗಾದ್ರ ನನ್ ಮಗಳು ಯಾರು?” ಅವಳು ತಂಬಿಗೆ ಕೆಳಗಿಟ್ಟು ಅಂದಳು, “ಮಕ್ಕಳು ಕೂಡಿದಾಗ ಬಾ ಅಂದಾರ. ಕೂಡಸ್ತೀನಿ.”

ಮಾರನೆಯ ದಿನ ನಸುಕಿನಲ್ಲಿ ಅವಳು ಮಗಳ ಜೊತೆ ಮೆಣಸಿನಕಾಯಿ ಹೊಲಕ್ಕೆ ಹೋದಳು. ಆ ಹೊಲಗಳನ್ನು ನೋಡಿದವರಿಗೆ ಗೊತ್ತು. ಕೆಂಪು ಕಾಯಿ, ಅದರ ಘಾಟು, ಕಣ್ಣಿಗೂ ಮೂಗಿಗೂ ಅರಿವೆ ಸುತ್ತಿಕೊಂಡು ಬಾಗಿದ ಬೆನ್ನುಗಳು. ಬೆನ್ನು ನೋಡಿದರೆ ಹೆಂಗಸರು ಅನಿಸುತ್ತದೆ; ತಿರುಗಿದಾಗ ಅರಿವೆಯ ಮೇಲೆ ಕಾಣುವ ಕಣ್ಣು ಮಕ್ಕಳದು. ಕೂಲಿಯವರನ್ನು ಕೂಡಿಸುವ ಮೇಸ್ತ್ರಿ ಭೀಮರಾಯ ಬದುವಿನ ಮೇಲೆ ಬೈಕು ನಿಲ್ಲಿಸಿ ಅದರ ಮೇಲೇ ಕೂತಿದ್ದ. ಒಂದು ದಿನ ಹುಡುಗಿಯರನ್ನು ಬಿಡು ಅಂದಳು ಗಂಗಾ.

“ಹುಚ್ಚು ಹಿಡದದೇನು? ಸೂಜಿ ಹಾಕಿದ್ರ ಜ್ವರಾ ಬರ್ತಾವ. ಎರಡು ದಿನ ಮಕ್ಕೋತಾರ. ಕಾಯಿ ಗಿಡದಾಗ ಒಣಗಿ ಹೋದ್ರ ನೀ ಹರಿಯಾಕ ಬರ್ತೀ?”

“ಬರ್ತೀನಿ,” ಅಂದಳು.

ಅವನು ನಕ್ಕ. ಹೊಲದಲ್ಲಿದ್ದ ತಾಯಂದಿರೂ ನಕ್ಕರು. ಒಬ್ಬಳು, ಆ ಸೂಜಿ ಹಾಕಿಸಿಕೊಂಡ ಹುಡುಗಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ, ಮೊಬೈಲಿನಲ್ಲಿ ಬಂದಿದೆ ಅಂದಳು. ಇನ್ನೊಬ್ಬಳು, ಕೊರೊನಾ ಹೋಗಿ ಎಷ್ಟೋ ದಿನವಾಯಿತು, ಈಗ್ಯಾಕೆ ಅಂದಳು. ಅವರನ್ನು ಬೈಯುವುದು ಸುಲಭ. ಬರಬೇಕಾದವರು ಯಾರೂ ಅವರ ಹತ್ತಿರ ಬಂದು ಕೂತು ಹೇಳಿರಲಿಲ್ಲ; ಬಂದದ್ದು ಮೊಬೈಲಿನ ಸುಳ್ಳೊಂದೇ.

ಗಂಗಾ ಸಾಲಿನಲ್ಲಿ ಬಾಗಿ, ಅವರ ಜೊತೆ ಕಾಯಿ ಹರಿಯತೊಡಗಿದಳು. ಹರಿಯುತ್ತಲೇ ಹೇಳಿದಳು. ಗಂಡನ ತುಟಿ ಯಾವ ಬಣ್ಣಕ್ಕೆ ತಿರುಗಿತ್ತು, ಟೆಂಪೋದಲ್ಲಿ ಅವನು ಹೇಗೆ ತಗಡಿನ ಅಂಚು ಹಿಡಿದು ಏಳಲು ನೋಡಿದ, ನೀರಿನಿಂದ ತೆಗೆದ ಮೀನು ಬಾಯಿ ತೆರೆಯುವುದನ್ನು ಹುಟ್ಟಿದಾಗಿಂದ ನೋಡಿದವಳು ತನ್ನ ಗಂಡನ ಬಾಯಿ ಹಾಗೆ ತೆರೆಯುವುದನ್ನು ಹೇಗೆ ನೋಡಿದಳು, ಎಲ್ಲ. ಆ ಮಾತನ್ನು ಅವಳು ಅದಕ್ಕೆ ಮುಂಚೆ ಯಾರಿಗೂ ಹೇಳಿರಲಿಲ್ಲ. ಮೌನೇಶ್ವರಿ ಪಕ್ಕದ ಸಾಲಿನಲ್ಲಿದ್ದಳು, ಅವಳಿಗೂ ಅದು ಹೊಸದು. ಕೈ ನಿಲ್ಲಿಸಿ ಅವ್ವನನ್ನೇ ನೋಡುತ್ತ ನಿಂತಳು.

ಮೊದಲು ಬಾಯಿ ಬಿಟ್ಟವಳು ರಾಜಾಸಾಬನ ಹೆಂಡತಿ ಸರ್ವರಬೇಗಂ.

“ಖರೇ ಹೇಳಾಕತ್ತಾಳ. ನಮ್ಮನಿಯವ್ರು ಅವತ್ತು ಗಾಡಿ ತೊಳದು ಬಂದು ಮೂರು ದಿನ ಊಟ ಮಾಡಿಲ್ಲ. ನಮ್ಮ ಸಮ್ರೀನ್ ಬರ್ತಾಳ. ರಂಜಾನಿನ ರೋಜಾ ಇದ್ರೂ ಸೂಜಿ ಹಾಕಿಸ್ಕೋಬಹುದು ಅಂತ ಮಸೀದ್ಯಾಗ ಹಜರತ್ ಹೇಳ್ಯಾರ, ನಾ ಕೇಳೀನಿ.”

ಅಲ್ಲಿಂದ ಒಬ್ಬೊಬ್ಬರೇ. ಎಲ್ಲರೂ ಒಪ್ಪಲಿಲ್ಲ. ಒಪ್ಪಿದವರಲ್ಲಿ ಇಬ್ಬರು ಸಂಜೆಗೆ ಗಂಡಂದಿರ ಮಾತು ಕೇಳಿ ಹಿಂದೆ ಸರಿದರು. ಗಂಗಾ ಪಕ್ಕದ ಹೊಲಕ್ಕೆ ಹೋದಳು, ಕಾಲುವೆ ಆಚೆಯ ಹೊಲಕ್ಕೂ ಹೋದಳು. ಬುಟ್ಟಿ ಹೊರದೆ ಆ ವಾರವೆಲ್ಲ ಹೀಗೇ ತಿರುಗಿದಳು. ಕೊನೆಗೆ ರಾಜಾಸಾಬನ ಟೆಂಪೋ ತುಂಬಿತು.

ಅವತ್ತು ನಾನು ನಮ್ಮವ್ವನಿಗೆ ಬಿ.ಪಿ. ಗುಳಿಗೆ ಕೊಡಿಸಲೆಂದು ಆ ಕೇಂದ್ರಕ್ಕೆ ಹೋಗಿದ್ದೆ. ಏಪ್ರಿಲ್ ಬಿಸಿಲು ಏರಿತ್ತು. ಟೆಂಪೋ ಬಂದು ನಿಂತಿತು. ಹಿಂದಿನ ಬಾಗಿಲು ತೆರೆದದ್ದೇ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದು ಇಳಿದರು. ಕೆಲವರು ಹೊಲದಿಂದ ನೇರ ಬಂದಿದ್ದರು. ಅವರ ಬಟ್ಟೆಯ ಘಾಟಿಗೆ ಸರದಿಯಲ್ಲಿ ಕೂತಿದ್ದವರೆಲ್ಲ ಸೀನತೊಡಗಿದರು, ನಮ್ಮವ್ವನೂ. ಎಲ್ಲರ ಮುಂದೆ ಗಂಗಾ.

“ಕೂಡ್ಯಾರ್ರಿ,” ಅಂದಳು ಮುಬೀನಾಳಿಗೆ. “ಬಾಟಲಿ ತೆಗೀರಿ.”

ಮುಬೀನಾ ಕಣ್ಣಲ್ಲೇ ಎಣಿಸಿದಳು. ಒಂದಿಬ್ಬರು ಕಡಿಮೆ ಇದ್ದರು. ಅಷ್ಟು ನಡೆಯುತ್ತದೆ ಎಂದು ಎದ್ದಳು. ಅಷ್ಟರಲ್ಲಿ ಒಳಗಿನಿಂದ ಡಾಕ್ಟರು ಬಂದರು. ವಯಸ್ಸಿನಲ್ಲಿ ಸಣ್ಣವರೇ; ಕೈಯಲ್ಲಿ ಗಾಡಿಯ ಕೀಲಿ ಇತ್ತು, ಎಲ್ಲಿಗೋ ಹೊರಟಿದ್ದರು.

“ಏನಿದು ಸಂತಿ?”

ಮುಬೀನಾ ಹೇಳಿದಳು. ಅವರು ಹುಡುಗಿಯರನ್ನು ಮೇಲಿಂದ ಕೆಳಗೆ ನೋಡಿದರು. ಕೆಂಪಾದ ಬೆರಳು, ಅರಿವೆ ಸುತ್ತಿದ ಮುಖ.

“ಇವರೆಲ್ಲ ಕೂಲಿ ಮಾಡೋ ಮಕ್ಕಳಲ್ಲೇನು? ಇದು ಬಾಲಕಾರ್ಮಿಕರ ಕೇಸ್ ಆಗ್ತದೆ, ಗೊತ್ತದ ಏನಮ್ಮ? ಹೊಲದಿಂದ ಗಾಡಿ ತುಂಬ ತಂದು ನಿಲ್ಲಿಸೀಯಲ್ಲ. ನಾ ಈಗ ಒಂದು ಫೋನ್ ಮಾಡಿದ್ರ ನೀನೂ ಒಳಗ, ಗಾಡಿಯವನೂ ಒಳಗ.”

ರಾಜಾಸಾಬ ಹೆದರಿದ. ಗಾಡಿಯ ಕಡೆ ಒಂದು ಹೆಜ್ಜೆ ಹಿಂದೆ ಇಟ್ಟ. ಟೆಂಪೋದಿಂದ ಇನ್ನೂ ಇಳಿಯದ ಇಬ್ಬರು ಹುಡುಗಿಯರು ಇಳಿಯಲಿಲ್ಲ. ಒಂದು ಕ್ಷಣ ಎಲ್ಲ ಅಲ್ಲಿಗೇ ಮುಗಿಯಿತು ಅನಿಸಿತು ನನಗೆ.

ಆಗ ಗಂಗಾಳ ದನಿ ಏರಿತು.

“ಮಾಡ್ರಿ ಫೋನು! ಈಗ ಮಾಡ್ರಿ, ನನ್ ಎದರಿಗೆ ಮಾಡ್ರಿ! ಎರಡು ವರ್ಷ ಆತು ಈ ಹುಡುಗ್ಯಾರು ಹೊಲದಾಗ ಬಿದ್ದು. ಯಾರಿಗೂ ಕಂಡಿಲ್ಲ. ಶಾಲಿ ಮುಚ್ಚಿದಾಗ ಕಂಡಿಲ್ಲ, ತೆರದಾಗ ಕಂಡಿಲ್ಲ. ನೂರಕ್ಕ ನೂರು ಅಂತ ಬರದಾಗ ಕಂಡಿಲ್ಲ. ಸೂಜಿ ಕೇಳಾಕ ಬಂದೇವಿ, ಈಗ ಕಂಡ್ರೇನು? ಕೇಸ್ ಹಾಕಾಕ ಅಷ್ಟ ಕಾಣ್ತಾರೇನು ನಮ್ಮ ಮಕ್ಕಳು ನಿಮಗ? ಹಾಕ್ರಿ ಕೇಸು. ನಾ ಬರ್ತೀನಿ ಜೇಲಿಗೆ. ಮೊದಲ ಸೂಜಿ ಹಾಕ್ರಿ!”

ಸೀನುತ್ತಿದ್ದವರು ಸೀನುವುದನ್ನು ಬಿಟ್ಟರು. ಡಾಕ್ಟರು, ದನಿ ಇಳಿಸು, ಇದು ಸರ್ಕಾರಿ ದವಾಖಾನೆ ಅಂದರು.

“ಸರಕಾರಿ ಅಂತಲೇ ಬಂದೀನ್ರಿ. ನಿಮ್ಮ ಮನಿಗೆ ಬಂದಿಲ್ಲ.”

ನಮ್ಮವ್ವ, ಎಪ್ಪತ್ತು ದಾಟಿದವಳು, ಬೆಂಚಿನ ಮೇಲಿಂದಲೇ ಕೂಗಿದಳು: “ಹಾಕಪಾ, ನಿನಗೇನು ಗಂಟು ಹೋಗ್ತದ?” ಅವಳ ಹಿಂದೆ ಇನ್ನಿಬ್ಬರು ದನಿಗೂಡಿಸಿದರು. ಆದರೆ ಕೆಲಸ ಮಾಡಿದ್ದು ಕೂಗಲ್ಲ. ಮುಬೀನಾ ಯಾರ ಅಪ್ಪಣೆಗೂ ಕಾಯದೆ ಒಳಗೆ ಹೋಗಿ, ಮಂಜುಗಡ್ಡೆಯ ಡಬ್ಬಿ ತಂದು ಮೇಜಿನ ಮೇಲಿಟ್ಟು, ಬಾಟಲಿಯ ಮುಚ್ಚಳ ಕಿತ್ತಳು.

“ತೆಗದೀನ್ರಿ ಸರ್. ಇನ್ನ ಹಾಕಲಿಲ್ಲ ಅಂದ್ರ ವೇಸ್ಟ್ ಆಗ್ತದ.”

ಡಾಕ್ಟರು ಅವಳನ್ನು ನೋಡಿದರು, ಬಾಟಲಿಯನ್ನು ನೋಡಿದರು, ಕೀಲಿ ತಿರುಗಿಸುತ್ತ ಹೊರಗೆ ಹೋದರು. ಅವರ ಗಾಡಿ ಸದ್ದು ಮಾಡಿ ಹೋಯಿತು.

ಇನ್ನೊಂದು ತೊಡಕು ಉಳಿದಿತ್ತು. ಹೆಸರು ಹಚ್ಚಲು ಮೊಬೈಲ್ ನಂಬರು ಬೇಕು, ಅದಕ್ಕೆ ಬಂದ ಓಟಿಪಿ ಹೇಳಬೇಕು. ಹುಡುಗಿಯರ ಮನೆಗಳಲ್ಲಿ ಫೋನು ಇದ್ದರೆ ಅದು ಅಪ್ಪಂದಿರ ಜೇಬಿನಲ್ಲಿ. ಒಂದು ನಂಬರಿಗೆ ಕೆಲವೇ ಹೆಸರು ಹಿಡಿಯುತ್ತವೆ. ರಾಜಾಸಾಬನ ನಂಬರು ತುಂಬಿತು. ಮುಬೀನಾ ತನ್ನದು ಕೊಟ್ಟಳು. ಆಗ ಸರದಿಯಲ್ಲಿ ಕೂತಿದ್ದವರೇ ತಮ್ಮ ತಮ್ಮ ಫೋನು ತೆಗೆದರು. ನನ್ನ ನಂಬರಿಗೆ ದ್ಯಾವಮ್ಮ ಎಂಬ ಹುಡುಗಿಯ ಹೆಸರು ಬಂತು. ಬಡಕಲು ಹುಡುಗಿ, ನಕ್ಕರೆ ಒಂದು ಹಲ್ಲು ಮುಂದೆ.

ಮೌನೇಶ್ವರಿ ಮೊದಲು ಕೂತಳು. ನೋವಾಯಿತಾ ಅಂತ ಹಿಂದಿನವಳು ಕೇಳಿದ್ದಕ್ಕೆ, “ಕಾಯಿ ಹರಿದು ಕಣ್ಣಾಗ ಕೈ ಇಟ್ಕೊಂಡಿದ್ಯಲ್ಲ ಮೊನ್ನಿ, ಅದರ ಮುಂದ ಏನಿಲ್ಲ,” ಅಂದಳು. ಸಮ್ರೀನ್ ಬಂದಾಗ ಏನಾದರೂ ತಿಂದಿದ್ದೀಯಾ ಅಂತ ಮುಬೀನಾ ಕೇಳಿದಳು. ರೋಜಾ ಅಂದಳು ಹುಡುಗಿ. “ನಂದೂ,” ಅಂದಳು ಮುಬೀನಾ. ಸೂಜಿ ಹಾಕಿದ ಮೇಲೆ ಅವಳನ್ನು ಫ್ಯಾನಿನ ಕೆಳಗೆ ತನ್ನ ಕುರ್ಚಿಯಲ್ಲೇ ಕೂರಿಸಿದಳು.

ಗಂಗಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ನಾನು ನೀರು ಕೊಟ್ಟೆ. “ಸಿಟ್ಟಿಗೆ ಒದರೀನಿ, ಅಂಜಿ ಅಲ್ರಿ,” ಎಂದಳು ನಾನು ಕೇಳದೆಯೇ.

ಮರುದಿನ ಕೆಲವರಿಗೆ ಜ್ವರ ಬಂತು, ಅದರ ಮರುದಿನ ಹೋಯಿತು. ಭೀಮರಾಯ ಮೌನೇಶ್ವರಿಯನ್ನೂ ಸಮ್ರೀನಳನ್ನೂ ಕೂಲಿಗೆ ಬರಬೇಡಿ ಎಂದ. ನಿಮ್ಮ ಅವ್ವಂದಿರಿಗೆ ನಾಲಿಗೆ ಉದ್ದ ಅಂದನಂತೆ. ಗಂಗಾ ಡಾಕ್ಟರು ಹೇಳಿದ ಕೇಸಿಗಾಗಿ ಕಾದಳು. ಇದನ್ನು ಕೇಳಿ ನನಗೆ ನಗು ಬಂದಿತ್ತು, ಆದರೆ ಅವಳು ನಿಜಕ್ಕೂ ಕಾದಳು. ಯಾರಾದರೂ ಬರಲಿ, ಈ ಹುಡುಗಿಯರು ಯಾಕೆ ಹೊಲದಲ್ಲಿದ್ದಾರೆ ಎಂದು ಕೇಳಲಿ, ಹೇಳುವುದು ಬಹಳ ಇದೆ ಅಂತ. ಯಾರೂ ಬರಲಿಲ್ಲ. ಬೆದರಿಸಿದ್ದು ಅವಳ ಬಾಯಿ ಮುಚ್ಚಿಸಲು. ಮಕ್ಕಳ ಬಗ್ಗೆ ಆ ಬೆದರಿಕೆಯಲ್ಲಿ ಏನೂ ಇರಲಿಲ್ಲ.

ಎರಡನೆಯ ಡೋಸಿನ ಹೊತ್ತಿಗೆ ಸುಗ್ಗಿ ಮುಗಿದಿತ್ತು. ಟೆಂಪೋದಲ್ಲಿ ಬಂದಿದ್ದ ಹಲವು ಕುಟುಂಬಗಳು ಪುಣೆಗೆ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿದ್ದವು. ಬಾಟಲಿ ತುಂಬುವಷ್ಟು ಮಕ್ಕಳು ಮತ್ತೆ ಕೂಡಲಿಲ್ಲ. ಮುಬೀನಾ ಒಂದು ಹಳ್ಳಿಯ ಶಾಲೆಗೆ ಹೋಗುವ ದಿನ ರಾಜಾಸಾಬನಿಗೆ ಫೋನು ಮಾಡಿ, ಇದ್ದವರನ್ನು ಅಲ್ಲಿಗೇ ಕರೆಸಿಕೊಂಡು ಹಾಕಿದಳು. ಮೌನೇಶ್ವರಿಗೂ ಸಮ್ರೀನಳಿಗೂ ಹಾಗೆ ಪೂರ್ತಿಯಾಯಿತು. ಜೂನಿನಲ್ಲಿ ಇಬ್ಬರನ್ನೂ ಗಂಗಾಳೇ ಶಾಲೆಗೆ ಕರೆದುಕೊಂಡು ಹೋಗಿ ಎಂಟನೆಯ ತರಗತಿಯಲ್ಲಿ ಕೂರಿಸಿ ಬಂದಳು. ವಯಸ್ಸಿಗೆ ತಕ್ಕ ತರಗತಿ ಕೊಡಬೇಕೆಂದು ಕಾಯಿದೆ ಇದೆ ಎಂದು ನಾನು ಹೇಳಿದ್ದೆ. ಕಾಂತೇಶ ಮೇಷ್ಟ್ರು ಹೆಚ್ಚು ಮಾತಾಡಲಿಲ್ಲವಂತೆ. ಆರೋಗ್ಯ ಕೇಂದ್ರದ ಕಥೆ ಅಷ್ಟರಲ್ಲಿ ಅವರಿಗೂ ಮುಟ್ಟಿತ್ತು.

ಮುಬೀನಾಳನ್ನು ಮಳೆಗಾಲದಲ್ಲಿ ಬೇರೆ ಕಡೆ ಹಾಕಿದರು. ಅದಾದ ಮೇಲೆ ಒಂದು ಮಧ್ಯಾಹ್ನ ನನ್ನ ಫೋನಿಗೆ ಸಂದೇಶ ಬಂತು: ದ್ಯಾವಮ್ಮ, ನಿಮ್ಮ ಎರಡನೆಯ ಡೋಸ್ ಯಶಸ್ವಿಯಾಗಿ ಪೂರ್ಣಗೊಂಡಿದೆ, ಅಭಿನಂದನೆಗಳು. ದ್ಯಾವಮ್ಮ ಅವತ್ತು ಪುಣೆಯಲ್ಲಿ ಇಟ್ಟಿಗೆ ಹೊರುತ್ತಿದ್ದಳು.

ನಾನು ಅದನ್ನು ಗಂಗಾಳಿಗೆ ಓದಿ ಹೇಳಿದೆ. ಅವಳು ಎರಡು ಸಲ ಓದಿಸಿದಳು. ಆಮೇಲೆ ಬುಟ್ಟಿ ನನ್ನ ಅಂಗಡಿಯಲ್ಲಿಟ್ಟು, ನನ್ನನ್ನೂ ಎಬ್ಬಿಸಿಕೊಂಡು ಬಸ್ಸು ಹತ್ತಿದಳು. ಡಾಕ್ಟರು ಫೋನು ನೋಡಿ, ಕಂಪ್ಯೂಟರಿನ ತಪ್ಪು, ಮೇಲಿಂದ ಒತ್ತಡ ಇರುತ್ತದೆ, ಬಾಕಿ ತೋರಿಸಬಾರದು ಎನ್ನುತ್ತಾರೆ ಅಂದರು. ಒಂದೇ ಉಸಿರಿನಲ್ಲಿ ತಪ್ಪೂ ಅಂದರು, ಒತ್ತಡವೂ ಅಂದರು. ದೀಪಾವಳಿಗೆ ಹುಡುಗಿ ಊರಿಗೆ ಬಂದಾಗ ಕರೆತನ್ನಿ ನೋಡೋಣ ಅಂದರು.

ದೀಪಾವಳಿಗೆ ದ್ಯಾವಮ್ಮ ಬಂದಳು. ಗಂಗಾ ಹಬ್ಬದ ಮರುದಿನವೇ ಅವಳ ಕೈ ಹಿಡಿದು ಕರೆದೊಯ್ದಳು. ಹೊಸ ನರ್ಸ್ ನಂಬರು ಹಾಕಿ ನೋಡಿ, ಈಕೆಯದು ಆಗಿಹೋಗಿದೆ, ಮತ್ತೆ ಹಾಕಲು ಬರುವುದಿಲ್ಲ ಅಂದಳು. ಡಾಕ್ಟರು ರಜೆ. ಮಕ್ಕಳ ಲಸಿಕೆ ಹೇಗೂ ಖಾಲಿಯಾಗಿದೆ ಎಂದೂ ಸೇರಿಸಿದಳು. ಗಂಗಾ ದ್ಯಾವಮ್ಮನ ತೋಳಿನ ಅಂಗಿ ಮೇಲೆ ಸರಿಸಿ, “ಯಾವ ಕೈಗೆ ಹಾಕೀರಿ, ತೋರಸ್ರಿ,” ಅಂತ ಕೇಳಿದಳು. ನರ್ಸ್ ಪಾಪ, ಹೊಸಬಳು, ಸರದಿಯಲ್ಲಿದ್ದ ಮುಂದಿನವರನ್ನು ಕರೆದಳು.

ಎರಡನೆಯ ಸೂಜಿ ಆ ಹುಡುಗಿಗೆ ಕೊನೆಗೂ ಸಿಗಲಿಲ್ಲ. ರೋಗ ಕಡಿಮೆಯಾಯಿತು, ಎಲ್ಲರೂ ಮರೆತರು. ಅವಳಿಗೆ ಅದರಿಂದ ಏನೂ ಆಗಲಿಲ್ಲ, ದೇವರ ದಯೆ. ಹೀಗೆ ನಾನು ಹೋದ ವಾರ ಅಂದಾಗ ಗಂಗಾ ಮೀನಿನ ಹೊಟ್ಟೆ ಸೀಳುತ್ತಿದ್ದವಳು ಕೈ ನಿಲ್ಲಿಸಿದಳು.

“ಆಗಲಿಲ್ಲ ಅಂತ ಬಿಡೂದೇನು ಅಕ್ಕಾರ? ಕೊಡಲಾರದ್ದು ಕೊಟ್ಟೇವಿ ಅಂತ ಬರದ್ರಲ್ಲ. ಅದು ಆತಲ್ಲ.”

ಅಷ್ಟೇ ಅಂದು, ಮೀನು ತೊಳೆದು, ಗಿರಾಕಿಯ ಚೀಲಕ್ಕೆ ಹಾಕಿದಳು.